ಟೆಸ್ಟ್ ಪೇಷಂಟ್ ನಂಬರ್ ಆರು

ಫಿಲ್ಮಕ್ಕನಿಗೆ ಕೋಪ ಬರಿಸುವುದು ಬಲು ಸುಲಭ. ಎಕ್ಸ್‌ರೇಯನ್ನು ಅವಳೆದುರು ಫೋಟೋ ಎಂದರೆ ಸಾಕು.

"ಫೋಟೋ ಮದುವೆ ಮನೇಲಿ ತೆಗೀತಾರೆ," ಎನ್ನುತ್ತಾಳೆ. "ಹಲ್ಲು ಕಿರಿದುಕೊಂಡು ನಿಲ್ಲೋರಿಗೆ ಫೋಟೋ. ಇಲ್ಲಿ ತೆಗೆಯೋದು ಇಮೇಜು. ಆ ಮಾತು ಬರೋವರೆಗೂ ಮಶಿನ್ ಮುಟ್ಬೇಡಿ."

ಆಸ್ಪತ್ರೆಯ ಎಕ್ಸ್‌ರೇ ವಿಭಾಗದಲ್ಲಿ ಅವಳದು ಇಪ್ಪತ್ತೊಂಬತ್ತು ವರ್ಷದ ನೌಕರಿ. ಮೊದಲ ಇಪ್ಪತ್ತೊಂದು ವರ್ಷ ಫಿಲ್ಮ್ ಕೋಣೆಯ ಉಸ್ತುವಾರಿ. ಕಂದು ಲಕೋಟೆಗಳು, ಕಬ್ಬಿಣದ ಕಪಾಟುಗಳು, ಬೆರಳಿಗೆ ಅಂಟಿದ ರಾಸಾಯನಿಕದ ಹುಳಿ ವಾಸನೆ. ಆಮೇಲೆ ಎಲ್ಲವೂ ಕಂಪ್ಯೂಟರಿಗೆ ಬಂತು. ಫಿಲ್ಮ್ ಹೋಯಿತು, ಹೆಸರು ಮಾತ್ರ ಅವಳಿಗೆ ಅಂಟಿಕೊಂಡಿತು. ಈಗ ಅವಳು ಇಮೇಜ್ ಡೆಸ್ಕ್ ಎಂಬ ಮೂರಡಿ ಮೇಜಿನ ಹಿಂದೆ ಕೂತು, ಯಾವ ಇಮೇಜು ಯಾರ ಹೆಸರಿಗೆ ಸೇರಬೇಕು ಎಂದು ನೋಡಿಕೊಳ್ಳುತ್ತಾಳೆ.

ಹೊಸ ಟೆಕ್ನಿಷಿಯನ್‌ಗಳು ಬಂದಾಗ ಮೊದಲ ವಾರ ಪಾಠ ಹೇಳುವವಳೂ ಅವಳೇ. ಹಾಗೆಂದು ಯಾರೂ ಆದೇಶ ಹೊರಡಿಸಿಲ್ಲ. ಕಂಪನಿಯವರು ಕೊಟ್ಟ ನಲವತ್ತು ಪುಟದ ಕೈಪಿಡಿ ಓದಿದವರೆಲ್ಲ ಆರನೇ ಪುಟಕ್ಕೆ ನಿದ್ದೆ ಹೋಗುತ್ತಿದ್ದುದನ್ನು ನೋಡಿ ಅವಳೇ ಮೈಮೇಲೆ ಹಾಕಿಕೊಂಡ ಕೆಲಸ ಅದು. ಆ ಮಂಗಳವಾರ ಬೆಳಿಗ್ಗೆ ಮೂವರು ಹೊಸಬರು ಅವಳ ಮುಂದೆ ಕೂತಿದ್ದರು.

"ಪಿಕ್ಸೆಲ್ ಅಂದ್ರೆ ಕಸೂತಿಯ ಒಂದು ಹೊಲಿಗೆ. ಹತ್ತಿರದಿಂದ ನೋಡಿದ್ರೆ ಬರೀ ಚೌಕ, ದೂರ ನಿಂತ್ರೆ ಹೂವು. ವರ್ಕ್‌ಲಿಸ್ಟ್ ಅಂದ್ರೆ ಇವತ್ತು ಯಾರ್ಯಾರು ಬರ್ತಾರೆ ಅನ್ನೋ ಪಟ್ಟಿ. ಅದು ರಿಜಿಸ್ಟ್ರೇಷನ್ ಕೌಂಟರಿಂದ ತಾನಾಗೇ ಬರುತ್ತೆ, ನೀವು ಆರಿಸ್ಬೇಕು ಅಷ್ಟೇ. ಹೆಸರು ಟೈಪ್ ಮಾಡೋ ಚಪಲ ಬೇಡ. ಹೆಡರ್ ಅಂದ್ರೆ ಅಂಗಿ ಕಾಲರ್ ಒಳಗೆ ಹೊಲೆದಿರೋ ಪಟ್ಟಿ. ಇಮೇಜ್ ಎಲ್ಲಿಗೇ ಹೋಗ್ಲಿ, ಅದು ಯಾರದು, ಯಾವತ್ತಿನದು ಅಂತ ಅದರೊಳಗೇ ಇರುತ್ತೆ. ಪಟ್ಟಿ ತಪ್ಪಿದ್ರೆ ಅಂಗಿ ಬೇರೆಯವರ ಮನೆ ಸೇರುತ್ತೆ. ಪ್ಯಾಕ್ಸ್ ಅಂದ್ರೆ ಇಷ್ಟೂ ಇಮೇಜ್ ತುಂಬಿಟ್ಟಿರೋ ಉಗ್ರಾಣ. ನಾನು ಉಗ್ರಾಣದವಳು. ಬರ್ಕೊಳ್ಳಿ."

ಉಳಿದ ದಿನಗಳಲ್ಲಾದರೆ ಇಷ್ಟು ಹೇಳಲು ಅವಳಿಗೆ ಒಂದು ಗಂಟೆ ಬೇಕು, ನಡುವೆ ಹತ್ತು ಕತೆ, ನಾಲ್ಕು ಜನರ ಮಾನ ಹರಾಜು. ಅವತ್ತು ಮಾತ್ರ ಮಗ್ಗಿ ಒಪ್ಪಿಸಿದಂತೆ ಒಪ್ಪಿಸುತ್ತಿದ್ದಳು. ಮನಸ್ಸು ನೆಲಮಾಳಿಗೆಯ ಲಾಂಡ್ರಿಯಲ್ಲಿ ವಾರಗಿತ್ತಿಯ ಹತ್ತಿರ ಇತ್ತು.

ವಾರಗಿತ್ತಿ ಎಂದರೆ ಅವಳ ಗಂಡನ ತಮ್ಮನ ಹೆಂಡತಿ. ಅದೇ ಆಸ್ಪತ್ರೆಯ ಲಾಂಡ್ರಿಯ ಮೇಲ್ವಿಚಾರಕಿ. ಒಂದೇ ಮನೆಯಲ್ಲಿ ಕೆಳಗೆ ಇವರು, ಮೇಲೆ ಅವರು. ಇಪ್ಪತ್ನಾಲ್ಕು ವರ್ಷದಿಂದ ಇಬ್ಬರ ನಡುವೆ ಮೆಟ್ಟಿಲ ಮೇಲೆ ಜಗಳ, ಮೆಟ್ಟಿಲ ಮೇಲೆಯೇ ರಾಜಿ. ಹೊರಗಿನವರು ಯಾರಾದರೂ ಒಬ್ಬಳ ಬಗ್ಗೆ ತುಟಿ ಬಿಚ್ಚಿದರೆ ಮತ್ತೊಬ್ಬಳು ಅವರ ನೀರಿಳಿಸಿ ಕಳಿಸುತ್ತಿದ್ದಳು.

ಹನ್ನೊಂದು ದಿನದ ಹಿಂದೆ ಸಿಬ್ಬಂದಿಯ ಆರೋಗ್ಯ ತಪಾಸಣೆಯಲ್ಲಿ ವಾರಗಿತ್ತಿಯ ಬಲ ಶ್ವಾಸಕೋಶದ ಮೇಲ್ಭಾಗದಲ್ಲಿ ಒಂದು ನೆರಳು ಕಂಡಿತ್ತು. ದಪ್ಪ ಕಡಲೆಕಾಳಿನಷ್ಟು. ಸಿ.ಟಿ. ಸ್ಕ್ಯಾನ್ ಮಾಡಿದರು, ಅಲ್ಲೂ ಇತ್ತು. ಎದೆಯ ಸರ್ಜನ್ ಸುತ್ತಿ ಬಳಸಿ ಮಾತಾಡುವವರಲ್ಲ. ಗುರುವಾರ ಎದೆ ತೆರೆದು ಆ ಭಾಗ ತೆಗೆದು ಪರೀಕ್ಷೆಗೆ ಕಳಿಸೋಣ ಎಂದರು. ಇಮೇಜ್ ಓದುವ ರೇಡಿಯಾಲಜಿಸ್ಟ್ ಮೇಡಂ ಕೇಳಿದ್ದು ಒಂದೇ ಪ್ರಶ್ನೆ: "ಇವರ ಹಳೇ ಎಕ್ಸ್‌ರೇ ಯಾವುದಾದ್ರೂ ಇದೆಯಾ? ವರ್ಷಗಳಿಂದ ಇದು ಹೀಗೇ ಇದ್ರೆ, ಯಾವತ್ತೋ ವಾಸಿಯಾದ ಗಾಯದ ಗುರುತು. ಕತ್ತಿ ಹಾಕೋ ಅಗತ್ಯವೇ ಇಲ್ಲ. ಹೊಸದಾದ್ರೆ ಒಂದು ದಿನವೂ ತಡ ಮಾಡೋ ಹಾಗಿಲ್ಲ."

ಫಿಲ್ಮಕ್ಕ ತಾನೇ ವಾರಗಿತ್ತಿಯ ನಂಬರ್ ಹಾಕಿ ಹುಡುಕಿದ್ದಳು. 'ಹಿಂದಿನ ಇಮೇಜ್‌ಗಳು: ಇಲ್ಲ' ಎಂದು ಪರದೆ ಹೇಳಿತು. ವಾರಗಿತ್ತಿಯನ್ನು ಕೇಳಿದರೆ, "ನನಗೇನು ಆಗಿತ್ತು ಅಂತ ಎಕ್ಸ್‌ರೇ ತೆಗೆಸ್ಲಿ?" ಎಂದಳು. ಅಲ್ಲಿಗೆ ಮಾತು ಮುಗಿದಿತ್ತು. ಆ ಹನ್ನೊಂದು ದಿನ ಮನೆಯಲ್ಲಿ ಯಾರೂ ಗಟ್ಟಿಯಾಗಿ ಮಾತಾಡಿರಲಿಲ್ಲ. ಫಿಲ್ಮಕ್ಕನಿಗೆ ಭಯವಾಗಿತ್ತು, ಬರೀ ಭಯ.

"ಅಕ್ಕ, ಒಂದು ಪ್ರಶ್ನೆ." ಹೊಸಬರಲ್ಲಿ ಕನ್ನಡಕದವಳು ಪೆನ್ನು ಎತ್ತಿದಳು. "ನಮ್ಮವರೇ ಯಾರಾದ್ರೂ ಬಂದ್ರೆ ಕೌಂಟರಿಗೆ ಕಳಿಸೋ ಬದ್ಲು ಟೆಸ್ಟ್ ಪೇಷಂಟ್ ಅಂತ ಹಾಕಿ ಬೇಗ ತೆಗೆದುಬಿಡ್ಬಹುದಲ್ವಾ? ನಾನು ಮೊದಲಿದ್ದ ಕಡೆ ಹಾಗೇ ಮಾಡ್ತಿದ್ವಿ."

ಫಿಲ್ಮಕ್ಕ ಎದ್ದು ನಿಂತಳು.

"ಕೈ ಮುರಿದೇನು! ಟೆಸ್ಟ್ ಅನ್ನೋದು ಮಶಿನ್ ಸರಿ ಇದೆಯಾ ಅಂತ ನೋಡೋಕೆ. ನೀರಿನ ಬಾಟ್ಲಿ ಇಡು, ಪ್ಲಾಸ್ಟಿಕ್ ಕೈ ಇಡು, ತೆಗಿ. ಮನುಷ್ಯರನ್ನ ಟೆಸ್ಟ್ ಅಂತ ಹಾಕಿದ್ರೆ ಆ ಇಮೇಜಿಗೆ ದಿಕ್ಕು ದೆಸೆ ಇರಲ್ಲ. ನಾಳೆ ಅವರಿಗೇ ಬೇಕಾದಾಗ, ಹುಡುಕಿದ್ರೆ, ಸಿಗೋದೇ..."

ಮಾತು ಅಲ್ಲಿಗೆ ನಿಂತುಹೋಯಿತು. ಮೂವರೂ ಅವಳ ಮುಖವನ್ನೇ ನೋಡುತ್ತಿದ್ದರು.

ಎಂಟು ವರ್ಷದ ಹಿಂದೆ, ಕಂಪ್ಯೂಟರ್ ಬಂದ ಮೊದಲ ವಾರ. ಕೌಂಟರಿನವರು ಒಂದೊಂದೇ ಅಕ್ಷರವನ್ನು ಕೋಳಿ ಕಾಳು ಹೆಕ್ಕಿದಂತೆ ಹೆಕ್ಕುತ್ತಿದ್ದರು. ಸಾಲು ಹೊರಗಿನ ಗೇಟು ಮುಟ್ಟಿತ್ತು. ವಾರಗಿತ್ತಿಗೆ ಮೂರು ವಾರದಿಂದ ಬಿಡದ ಕೆಮ್ಮು. ಡಾಕ್ಟರು ಎದೆಯ ಎಕ್ಸ್‌ರೇಗೆ ಚೀಟಿ ಬರೆದಿದ್ದರು. ಅವಳು ಸಾಲು ನೋಡಿ, "ಇದಕ್ಕಿಂತ ಕೆಮ್ಮೇ ವಾಸಿ," ಎಂದು ಹಿಂದಿರುಗಿ ಹೊರಟಿದ್ದಳು. ಫಿಲ್ಮಕ್ಕ ರಟ್ಟೆ ಹಿಡಿದು ಒಳಗೆ ಎಳೆದುಕೊಂಡಿದ್ದಳು. ಮಶಿನ್ನಿನಲ್ಲಿ ಪ್ರಯೋಗಕ್ಕೆಂದು ಸಾಲಾಗಿ ಹೆಸರು ತುಂಬಿಟ್ಟಿದ್ದರು: ಟೆಸ್ಟ್ ಪೇಷಂಟ್ ಒಂದು, ಎರಡು, ಮೂರು. ಖಾಲಿ ಇದ್ದ ಒಂದನ್ನು ಆರಿಸಿ, ವಾರಗಿತ್ತಿಯನ್ನು ಹಲಗೆಗೆ ಎದೆಯೊಡ್ಡಿ ನಿಲ್ಲಿಸಿದ್ದಳು. ಬಟನ್ ಒತ್ತಿದ ಟೆಕ್ನಿಷಿಯನ್ ನಿವೃತ್ತನಾಗಿ ಆಗಲೇ ಎಷ್ಟೋ ವರ್ಷವಾಗಿತ್ತು. ಡಾಕ್ಟರು ಪರದೆಯ ಮೇಲೇ ಇಣುಕಿ, ನ್ಯುಮೋನಿಯಾ ಇಲ್ಲ ಎಂದು ಸಿರಪ್ ಬರೆದುಕೊಟ್ಟರು. ಕೆಮ್ಮು ಹೋಯಿತು. "ಯಾರ ಹತ್ರಾನೂ ಬಾಯಿ ಬಿಡ್ಬೇಡ, ಇದು ಲೆಕ್ಕಕ್ಕೇ ಇಲ್ಲ ಅಂದ್ಕೋ, ಇಲ್ಲಾಂದ್ರೆ ನನ್ನ ನೌಕರಿಗೆ ಕುತ್ತು," ಎಂದು ಫಿಲ್ಮಕ್ಕ ಹೇಳಿದ್ದಳು. ವಾರಗಿತ್ತಿ ಆ ಮಾತನ್ನು ಚಾಚೂ ತಪ್ಪದೆ ಪಾಲಿಸಿ, ಕೊನೆಗೆ ತಾನೂ ಅದನ್ನು ಮರೆತೇಬಿಟ್ಟಿದ್ದಳು. ಫಿಲ್ಮಕ್ಕನೂ ಮರೆತಿದ್ದಳು.

"ಇವತ್ತಿಗೆ ಸಾಕು," ಎಂದು ಅವಳು ಬಾಗಿಲತ್ತ ನಡೆದಳು. ನಡೆದಳು ಎನ್ನುವುದು ಮರ್ಯಾದೆಗೆ. ಓಡಿದಳು.

ತನ್ನ ಮೇಜಿನ ಕಂಪ್ಯೂಟರಿನಲ್ಲಿ ಟೆಸ್ಟ್ ಎಂದು ಹಾಕಿ ಹುಡುಕಿದಳು. ಒಂದೂ ಇಲ್ಲ. ಎರಡನೇ ಸಲ ಹಾಕಿದಳು. ಪರದೆಗೆ ಅವಳ ಆತುರ ಕಟ್ಟಿಕೊಂಡು ಏನಾಗಬೇಕು, ಮತ್ತೆ ಅದೇ ಉತ್ತರ.

ಮೂರನೇ ಮಹಡಿಯ ಕಂಪ್ಯೂಟರ್ ಇಂಜಿನಿಯರನ್ನು ಎಲ್ಲರೂ ಸ್ವೆಟರ್ ಸಾರ್ ಎನ್ನುತ್ತಿದ್ದರು. ಸರ್ವರುಗಳ ಕೋಣೆಯ ಚಳಿಗೆ ಆತ ಬಿರುಬೇಸಿಗೆಯಲ್ಲೂ ಸ್ವೆಟರ್ ಬಿಚ್ಚುತ್ತಿರಲಿಲ್ಲ. ಫಿಲ್ಮಕ್ಕ ಏದುಸಿರು ಬಿಡುತ್ತ ಹೇಳಿದ್ದನ್ನು ಕೇಳಿ ಆತ ತಲೆ ಕೆರೆದುಕೊಂಡ.

"ಹೋದ ವರ್ಷ ಹಳೇ ಪ್ಯಾಕ್ಸಿಂದ ಹೊಸದಕ್ಕೆ ಎಲ್ಲಾ ಸಾಗಿಸಿದ್ವಲ್ಲ ಅಕ್ಕ, ಆಗ ಟೆಸ್ಟ್ ಅಂತಿದ್ದೋವನ್ನೆಲ್ಲ ಅಲ್ಲೇ ಬಿಟ್ವಿ."

"ಯಾವ ಪುಣ್ಯಾತ್ಮ ಬಿಡು ಅಂದಿದ್ದು?"

ಸ್ವೆಟರ್ ಸಾರ್ ಒಂದು ಫೈಲು ತೆಗೆದು ಅವಳ ಮುಂದಿಟ್ಟ. 'ಇವೆಲ್ಲ ಕಸ, ತರುವುದು ಬೇಡ' ಎಂದು ಬರೆದು ಕೆಳಗೆ ಸಹಿ ಮಾಡಲಾಗಿತ್ತು. ದುಂಡು ಅಕ್ಷರ, ನೀಟು ಸಹಿ, ಎರಡೂ ಅವಳದೇ. ಫಿಲ್ಮಕ್ಕ ಅದನ್ನು ಎರಡು ಸಲ ಓದಿದಳು. ಕುರ್ಚಿ ಹುಡುಕಿ ಕೂತಳು.

"ಹಾಗಾದ್ರೆ ಹೋಯ್ತಾ?"

"ಹೋಗ್ಬೇಕಿತ್ತು," ಎಂದ ಸ್ವೆಟರ್ ಸಾರ್, ಸ್ವಲ್ಪ ನಾಚಿಕೆಯಿಂದ. "ಹಳೇ ಸರ್ವರನ್ನ ಅಳಿಸಿ ವಿಲೇವಾರಿ ಮಾಡಿ ಅಂತ ಆರು ತಿಂಗಳ ಹಿಂದೇನೇ ಆರ್ಡರ್ ಬಂದಿದೆ. ನಾಳೆ ಮಾಡೋಣ, ನಾಳಿದ್ದು ಮಾಡೋಣ ಅಂತ... ಕೆಳಗೆ ಫಿಲ್ಮ್ ತೊಳೀತಿದ್ದ ನಿಮ್ಮ ಹಳೇ ಡಾರ್ಕ್‌ರೂಮಲ್ಲೇ ಬಿದ್ದಿದೆ."

ಕೆಲಸ ಮುಂದೂಡುವವರನ್ನು ಬಯ್ಯುವುದರಲ್ಲಿ ಫಿಲ್ಮಕ್ಕನದು ಎತ್ತಿದ ಕೈ. ಅವತ್ತು ಮಾತ್ರ, "ನಿನ್ನ ಹೊಟ್ಟೆ ತಣ್ಣಗಿರ್ಲಿ ಮಾರಾಯ," ಎಂದು ಎದ್ದಳು.

ಡಾರ್ಕ್‌ರೂಮಿನಲ್ಲಿ ಮುರಿದ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿದ್ದರು. ಅವುಗಳ ಹಿಂದೆ, ಧೂಳು ಮೆತ್ತಿಕೊಂಡು, ಹಳೆಯ ಸರ್ವರು ಕೂತಿತ್ತು. ಸ್ವೆಟರ್ ಸಾರ್ ತಂತಿ ಜೋಡಿಸಿ ಗುಂಡಿ ಒತ್ತಿದ. ಫ್ಯಾನು ಭರ್ರೆಂದಿತು, ನಿಂತಿತು, ಮತ್ತೆ ಭರ್ರೆಂದಿತು. ಪರದೆಯ ಮೇಲೆ ಅಕ್ಷರ ಮೂಡಲು ಇಪ್ಪತ್ತು ನಿಮಿಷ ಹಿಡಿಯಿತು. ಆ ಇಪ್ಪತ್ತು ನಿಮಿಷ ಫಿಲ್ಮಕ್ಕ ನಿಂತೇ ಇದ್ದಳು, ಕೈ ಕೈ ಹಿಸುಕಿಕೊಂಡು.

ಟೆಸ್ಟ್ ಪೇಷಂಟುಗಳು ಒಟ್ಟು ಹದಿನಾಲ್ಕು. ಮೊದಲನೆಯದು ನೀರಿನ ಬಾಟ್ಲಿ. ಎರಡನೆಯದು ಯಾರದೋ ಕೀಲಿಗೊಂಚಲು. ಮೂರನೆಯದರಲ್ಲಿ ಒಂದು ಊಟದ ಡಬ್ಬಿ, ಚಮಚದ ಸಮೇತ. "ಕೆಲಸಕ್ಕೆ ಬಾರದ ಮುಂಡೇವು," ಎಂದಳು ಫಿಲ್ಮಕ್ಕ, ಡಬ್ಬಿ ತನ್ನದೇ ಎಂದು ಗುರುತು ಹತ್ತಿದರೂ. ನಾಲ್ಕು, ಐದು ಪ್ಲಾಸ್ಟಿಕ್ ಕೈಗಳು. ಆರನೆಯದು ಎದೆ. ಒಂಬತ್ತನೆಯದೂ ಎದೆ, ಹನ್ನೊಂದನೆಯದೂ ಎದೆ. ಹಾಗಾದರೆ ಆಗ ಸಾಲು ತಪ್ಪಿಸಿದವರು ಬೇರೆಯವರೂ ಇದ್ದರು!

"ಇದರಲ್ಲಿ ಯಾವುದು ಅವರದು ಅಂತ ಹೇಗೆ ಹೇಳ್ತೀರ ಅಕ್ಕ? ಮೂಳೆಗೆ ಮುಖ ಇರುತ್ತಾ?"

ಫಿಲ್ಮಕ್ಕ ಪರದೆಗೆ ಮೂಗು ತಾಗುವಷ್ಟು ಬಾಗಿದಳು. ವಾರಗಿತ್ತಿ ಹತ್ತು ವರ್ಷದವಳಿದ್ದಾಗ ಉಯ್ಯಾಲೆಯಿಂದ ಬಿದ್ದು ಎಡಗಡೆಯ ಕೊರಳ ಮೂಳೆ ಮುರಿದುಕೊಂಡಿದ್ದಳು. ಅದು ಸೊಟ್ಟಗೇ ಕೂಡಿಕೊಂಡಿತ್ತು. ಇವತ್ತಿಗೂ ಅವಳ ಅಂಗಿಯ ಎಡ ಹೆಗಲು ಜಾರುತ್ತದೆ, ಇವತ್ತಿಗೂ ಬೈಗುಳ ತಿನ್ನುವವನು ದರ್ಜಿ. ಹನ್ನೊಂದನೆಯದರ ಮೂಳೆ ನೆಟ್ಟಗಿತ್ತು. ಒಂಬತ್ತೂ ನೆಟ್ಟಗಿತ್ತು. ಆರನೆಯದರ ಎಡ ಮೂಳೆ ನಟ್ಟನಡುವೆ ಮುರಿದು ಅಂಟಿಸಿದ ಕೋಲಿನಂತೆ ಗಂಟು ಕಟ್ಟಿತ್ತು.

"ಇವಳೇ," ಎಂದಳು.

ಬಲಗಡೆ ನೆರಳು ಇದೆಯೋ ಇಲ್ಲವೋ ಎಂದು ಅವಳು ನೋಡಲಿಲ್ಲ. ನೋಡುವ ಧೈರ್ಯವಿರಲಿಲ್ಲ. ಅಲ್ಲಿ ನೆರಳೇ ಇಲ್ಲದಿದ್ದರೆ, ಈಗಿನದು ಹೊಸದು ಎಂದು ತಾನೇ ಹುಡುಕಿಕೊಟ್ಟಂತೆ ಆಗುತ್ತಿತ್ತು.

ರೇಡಿಯಾಲಜಿಸ್ಟ್ ಮೇಡಂ ಮಬ್ಬು ಬೆಳಕಿನ ಕೋಣೆಯಲ್ಲಿ ಎರಡು ದೊಡ್ಡ ಪರದೆಗಳ ಮುಂದೆ ಕೂತಿದ್ದರು. ದಿನಕ್ಕೆ ನೂರು ಇಮೇಜು ಓದುತ್ತಾರೆ, ಹತ್ತು ಮಾತಾಡುತ್ತಾರೆ. ಫಿಲ್ಮಕ್ಕ ಸಾಲಿನಿಂದ ಹಿಡಿದು ಸಿರಪ್ಪಿನವರೆಗೆ ಎಲ್ಲವನ್ನೂ ಒಂದೇ ಉಸಿರಿಗೆ ಒಪ್ಪಿಸಿದಳು. ಮುಚ್ಚಿಡಲಿಲ್ಲ, ಬೇರೆಯವರ ತಲೆಗೆ ಕಟ್ಟಲಿಲ್ಲ. ಸ್ವೆಟರ್ ಸಾರ್ ಇಮೇಜ್ ಹಾಕಿಕೊಟ್ಟಿದ್ದ ಡಿಸ್ಕನ್ನು ಮೇಡಂ ಕಂಪ್ಯೂಟರಿಗೆ ತುರುಕಿ ಹೆಡರ್ ಓದಿದರು.

"ಹೆಸರು ಟೆಸ್ಟ್ ಪೇಷಂಟ್ ಆರು. ಹುಟ್ಟಿದ ದಿನ ಸಾವಿರದ ಒಂಬೈನೂರು, ಜನವರಿ ಒಂದು. ನೂರು ದಾಟಿದ ಮುದುಕಿ. ಇದು ನಿಮ್ಮ ವಾರಗಿತ್ತಿ ಅಂತ ನೀವಂದ್ರೆ ಸಾಕಾ? ಗುರುವಾರದ ಆಪರೇಷನ್ ನಿಲ್ಲಿಸೋಕೆ ನನಗೆ ನಿಮ್ಮ ಮಾತು ಸಾಲಲ್ಲ."

"ಎಡಗಡೆ ಕೊರಳ ಮೂಳೆ ನೋಡಿ ಮೇಡಂ."

ಮೇಡಂ ಹಳೆಯದನ್ನು ಎಡ ಪರದೆಗೆ, ಹೊಸದನ್ನು ಬಲ ಪರದೆಗೆ ಹಾಕಿದರು. ಕೊರಳ ಮೂಳೆಯ ಗಂಟು ಎರಡರಲ್ಲೂ ಒಂದೇ. ಅಷ್ಟಕ್ಕೇ ಬಿಡಲಿಲ್ಲ. ಪಕ್ಕೆಲುಬುಗಳನ್ನು ಒಂದೊಂದಾಗಿ ಎಣಿಸುತ್ತ ಇಳಿದರು. ಬಲಗಡೆಯ ನಾಲ್ಕನೆಯದು ಮುಂದಿನ ತುದಿಯಲ್ಲಿ ಕವಲೊಡೆದಿತ್ತು, ಹುಟ್ಟಿನಿಂದಲೇ ಕೆಲವರಿಗೆ ಹಾಗಿರುತ್ತದಂತೆ. ಹಳೆಯದರಲ್ಲೂ ಆ ಕವಲು ಹಾಗೇ ಇತ್ತು.

"ಸರಿ. ಇವರೇ."

ಆಮೇಲೆ ಮೇಡಂ ಇಮೇಜಿನ ಕಪ್ಪು ಬಿಳುಪನ್ನು ಹೆಚ್ಚು ಕಡಿಮೆ ಮಾಡಿದರು. ಬಲ ಶ್ವಾಸಕೋಶದ ಮೇಲ್ಭಾಗವನ್ನು ಹಿಗ್ಗಿಸಿದರು. ಫಿಲ್ಮಕ್ಕ ಕಣ್ಣು ಮುಚ್ಚಿಕೊಂಡಳು. ಮೌಸ್ ಕ್ಲಿಕ್ ಎಂದಿತು, ಸ್ವಲ್ಪ ಹೊತ್ತಿಗೆ ಮತ್ತೊಮ್ಮೆ ಕ್ಲಿಕ್.

"ಹನ್ನೊಂದು ಮಿಲಿಮೀಟರ್," ಎಂದರು ಮೇಡಂ.

"ಯಾವುದು ಮೇಡಂ? ಹೊಸದಾ?"

"ಎರಡೂ."

ಮೇಡಂ ಮತ್ತೆ ಎರಡು ಸಲ ಅಳೆದರು. ಎಂಟು ವರ್ಷದಲ್ಲಿ ಆ ಕಡಲೆಕಾಳು ಕೂದಲೆಳೆಯಷ್ಟೂ ಬೆಳೆದಿರಲಿಲ್ಲ. ಮೇಡಂ ಫೋನೆತ್ತಿ ಸರ್ಜನ್ನರಿಗೆ ಎರಡೇ ಮಾತು ಹೇಳಿದರು: ಹಳೆಯ ಇಮೇಜ್ ಸಿಕ್ಕಿದೆ, ಗುರುವಾರದ ಕೇಸು ಬೇಡ. ವರ್ಷದ ಮೇಲೆ ಒಂದು ಸಲ ಎಕ್ಸ್‌ರೇ ತೆಗೆದು ನೋಡಿದರೆ ಸಾಕು. ಸರ್ಜನ್ ತಾವೇ ಬಂದು ನೋಡಿ, ಹೂಂ ಎಂದು ತಲೆಯಾಡಿಸಿ ಹೋದರು. ಫಿಲ್ಮಕ್ಕ ಗೋಡೆಗೆ ಒರಗಿ ನಿಂತು, ಉಸಿರಾಡುವುದು ಎಷ್ಟು ಸುಖದ ಕೆಲಸ ಎಂದುಕೊಂಡಳು.

"ನೀವು ತಿದ್ದುಪಡಿ ಅರ್ಜಿ ತುಂಬಬೇಕು," ಎಂದರು ಮೇಡಂ. "ಅದು ಸೂಪರಿಂಟೆಂಡೆಂಟ್ ಹತ್ತಿರ ಹೋಗುತ್ತೆ. ಕರೆದು ಕೇಳ್ತಾರೆ."

"ಕೇಳ್ಲಿ ಮೇಡಂ."

ಅರ್ಜಿಯಲ್ಲಿ 'ದೋಷಕ್ಕೆ ಕಾರಣ' ಎಂಬ ಕಡೆ ನಾಲ್ಕು ಚೌಕಗಳಿದ್ದವು: ಮಶಿನ್, ನೆಟ್‌ವರ್ಕ್, ಸಾಫ್ಟ್‌ವೇರ್, ಸಿಬ್ಬಂದಿ. ಇಷ್ಟು ವರ್ಷ ಯಾರೇ ಸಲಹೆ ಕೇಳಿದರೂ ಫಿಲ್ಮಕ್ಕ ನೆಟ್‌ವರ್ಕಿಗೆ ಗುರುತು ಹಾಕಿಸುತ್ತಿದ್ದಳು, ಪಾಪ ಅದಕ್ಕೆ ಬಾಯಿಲ್ಲ. ಅವತ್ತು ಸಿಬ್ಬಂದಿ ಎಂಬಲ್ಲಿ ಗುರುತು ಹಾಕಿ ತನ್ನ ಹೆಸರನ್ನು ಪೂರ್ತಿಯಾಗಿ ಬರೆದಳು. ವಿವರ ಎಂಬ ಕಡೆ 'ಸಾಲು ಉದ್ದವಿತ್ತು' ಎಂದು ಬರೆದಳು. ಸ್ವೆಟರ್ ಸಾರ್ ಹಳೆಯ ಇಮೇಜನ್ನು ವಾರಗಿತ್ತಿಯ ನಂಬರಿಗೆ ಸೇರಿಸಿದ. ಟೆಸ್ಟ್ ಪೇಷಂಟ್ ಆರು ಎಂಬ ನೂರು ದಾಟಿದ ಮುದುಕಿ ಅಲ್ಲಿಗೆ ತೀರಿಕೊಂಡಳು.

ಲಾಂಡ್ರಿಯಲ್ಲಿ ಮಧ್ಯಾಹ್ನದ ಹಬೆ ತುಂಬಿತ್ತು. ದೊಡ್ಡ ಡ್ರಮ್ಮುಗಳು ಗಡಗಡ ತಿರುಗುತ್ತಿದ್ದವು. ವಾರಗಿತ್ತಿ ಏಪ್ರನ್ ಕಟ್ಟಿಕೊಂಡು, ಇಸ್ತ್ರಿಯಾದ ಹಾಸುಗಳನ್ನು ವಾರ್ಡುವಾರು ಪೇರಿಸುತ್ತಿದ್ದಳು. ಗುರುವಾರದಿಂದ ತಾನಿಲ್ಲದಿದ್ದರೂ ಕೆಲಸ ನಿಲ್ಲಬಾರದೆಂದು ಎರಡು ವಾರಕ್ಕಾಗುವಷ್ಟು ಜೋಡಿಸಿಟ್ಟಿದ್ದಳು. ಫಿಲ್ಮಕ್ಕ ಅವಳ ಕೈ ಹಿಡಿದು ಒಂದು ಮೂಲೆಗೆ ಎಳೆದೊಯ್ದು ಎಲ್ಲವನ್ನೂ ಹೇಳಿದಳು.

ವಾರಗಿತ್ತಿ ಹಾಸುಗಳ ರಾಶಿಯ ಮೇಲೆ ಕೂತುಬಿಟ್ಟಳು.

"ಅಂದ್ರೆ ನನಗೇನೂ ಆಗಿಲ್ಲ?"

"ಏನೂ ಆಗಿಲ್ಲ ಕಣೆ. ಹಳೇ ಗುರುತು ಅಷ್ಟೇ."

"ಆಪರೇಷನ್ನು?"

"ಇಲ್ಲ."

ವಾರಗಿತ್ತಿ ಮುಖ ಮುಚ್ಚಿಕೊಂಡು ಒಂದು ಸಲ ಜೋರಾಗಿ ಅತ್ತಳು. ಲಾಂಡ್ರಿಯ ಹೆಂಗಸರು ಡ್ರಮ್ಮುಗಳ ಕಡೆ ತಿರುಗಿ ತುಂಬ ಕೆಲಸ ಇರುವವರಂತೆ ನಿಂತರು. ಫಿಲ್ಮಕ್ಕ ಪಕ್ಕದಲ್ಲಿ ಕೂತಳು. ಹೇಳಬೇಕಾದದ್ದು ಇನ್ನೂ ಉಳಿದಿತ್ತು.

"ಎಲ್ಲಾ ನನ್ನಿಂದಲೇ ಆಗಿದ್ದು. ಅವತ್ತು ನಿನ್ನ ಹೆಸರಲ್ಲಿ ತೆಗೆದಿದ್ರೆ ಒಂದೇ ನಿಮಿಷಕ್ಕೆ ಸಿಗ್ತಿತ್ತು. ಹನ್ನೊಂದು ದಿನ ನೀನು ಸಾವು ಬದುಕು ಅಂತ ಕೂತಿದ್ದೆ. ಆಮೇಲೆ ಅದನ್ನ ಕಸ ಅಂತ ಬರೆದುಕೊಟ್ಟೋಳೂ ನಾನೇ. ಆ ಸೋಮಾರಿ ಸ್ವೆಟರ್ ಒಂದು ದಿನ ಚುರುಕಾಗಿದ್ದಿದ್ರೆ ನಾಳಿದ್ದು ನಿನ್ನ ಎದೆ ಕೊಯ್ತಿದ್ರು. ಬಯ್ಯಿ ನನ್ನ. ಎಷ್ಟು ಬೇಕಾದ್ರೂ ಬಯ್ಯಿ."

ವಾರಗಿತ್ತಿ ಕಣ್ಣೊರೆಸಿಕೊಂಡು ಅವಳನ್ನೇ ನೋಡಿದಳು.

"ಅಕ್ಕಾ, ಅವತ್ತು ಆ ಸಾಲು ನೋಡಿ ನಾನೇನು ಮಾಡ್ದೆ?"

"ವಾಪಸ್ ಹೊರಟೆ."

"ನೀನು ರೂಲ್ಸ್ ಪ್ರಕಾರ ಕೌಂಟರಿಗೆ ಹೋಗು ಅಂದಿದ್ರೆ ಹೋಗ್ತಿದ್ನಾ?"

ಫಿಲ್ಮಕ್ಕ ಯೋಚಿಸಿದಳು. ಬಸ್ಸಿಗೆ ಸಾಲು ಕಂಡರೆ ಎರಡು ಮೈಲಿ ನಡೆದುಕೊಂಡೇ ಬರುವವಳು ಇವಳು. "ಇಲ್ಲ," ಎಂದಳು.

"ಸೀದಾ ಮನೆಗೆ ಹೋಗಿ ಮಲಗ್ತಿದ್ದೆ. ಎಕ್ಸ್‌ರೇನೇ ಇರ್ತಿರಲಿಲ್ಲ. ಇವತ್ತು ನೀನು ಆ ಹಳೇ ಮಶಿನ್ನೆಲ್ಲ ತಡಕಾಡಿದ್ರೂ ಏನು ಸಿಗ್ತಿತ್ತು ಹೇಳು."

ಮೂಳೆಯಿಂದ ಮನುಷ್ಯರನ್ನು ಗುರುತು ಹಿಡಿದ ಫಿಲ್ಮಕ್ಕನಿಗೆ ಇಷ್ಟು ಸಣ್ಣ ಸಂಗತಿ ಬೆಳಗಿನಿಂದ ಕಂಡಿರಲಿಲ್ಲ.

"ಹಾಗಂತ ಅದು ಸರಿ ಅಂತಲ್ಲ," ಎಂದಳು ಕೊನೆಗೆ, ಪಾಠದ ಧ್ವನಿಯಲ್ಲಿ.

"ಸರಿ ಅಂದೋರ್ಯಾರು? ತಪ್ಪೇ. ನಾಳೆ ಯಾರಾದ್ರೂ ಹಾಗೆ ಮಾಡಿದ್ರೆ ಸರಿಯಾಗಿ ಉಗಿ. ಆದ್ರೆ ಓಡಿಹೋಗ್ತಿದ್ದೋಳನ್ನ ರಟ್ಟೆ ಹಿಡಿದು ಒಳಗೆ ಎಳ್ಕೊಂಡ್ಯಲ್ಲ, ಅದು ತಪ್ಪಲ್ಲ."

ಹನ್ನೊಂದು ದಿನ ಕಣ್ಣೀರು ಹಾಕದೆ ತಡೆದುಕೊಂಡಿದ್ದ ಫಿಲ್ಮಕ್ಕ ಆಗ ಅತ್ತಳು. ಮೂಗು, ಕಣ್ಣು ಒಟ್ಟಿಗೇ ಸುರಿಯತೊಡಗಿ, ಕೈಗೆ ಸಿಕ್ಕಿದ ಬಟ್ಟೆಯ ತುದಿಯನ್ನು ಮುಖಕ್ಕೆ ಒತ್ತಿಕೊಳ್ಳಲು ಹೋದಳು. ವಾರಗಿತ್ತಿ ಅದನ್ನು ಫಕ್ಕನೆ ಕಿತ್ತುಕೊಂಡಳು.

"ಅದು ಈಗಷ್ಟೇ ಇಸ್ತ್ರಿ ಆಗಿರೋದು ಅಕ್ಕ, ಮಕ್ಕಳ ವಾರ್ಡಿಗೆ ಹೋಗ್ಬೇಕು!" ಎಂದು ಗದರಿ, ತನ್ನ ಏಪ್ರನ್ನಿನ ತುದಿಯನ್ನು ಅವಳ ಕೈಗೆ ಕೊಟ್ಟಳು.